ಕೂಳೆಯ ಚಿಗುರು: ಸಣ್ಣ ಊರಿನ ಎರಡನೆಯ ಒಲವಿನ ಕಾದಂಬರಿಯನ್ನು ಓದುವ ಬಗೆ

ಸಂಗಾತಿಯನ್ನು ಕಳೆದುಕೊಂಡ, ಅಥವಾ ದಾಂಪತ್ಯ ಮುರಿದುಬಿದ್ದ ನಡುವಯಸ್ಸಿನ ಒಬ್ಬರು ಸಣ್ಣ ಊರೊಂದರಲ್ಲಿ ಮತ್ತೆ ಒಲಿಯಲು ಕಲಿಯುವ ಕಥೆಯನ್ನು ಪ್ರೇಮ ಕಾದಂಬರಿಯ ಪ್ರತ್ಯೇಕ ಬಗೆಯೆಂದೇ ಎಣಿಸಿ ಅಭ್ಯಾಸ ಮಾಡಬೇಕು. ಸಾಮಾನ್ಯ ಪ್ರೇಮಕಥೆಯಲ್ಲಿ ಇವರಿಬ್ಬರು ಒಂದಾಗುತ್ತಾರೆಯೇ ಎಂಬ ಕುತೂಹಲವೇ ಓದುಗರನ್ನು ಎಳೆದೊಯ್ಯುತ್ತದೆ. ಇಲ್ಲಿ ಅದಕ್ಕೂ ಮೊದಲೇ, ಒಂದಾಗುವುದಕ್ಕೆ ಆಕೆಯ ಮನಸ್ಸು ಒಪ್ಪುತ್ತದೆಯೇ ಎಂಬ ಪ್ರಶ್ನೆ ಇರುತ್ತದೆ. ಆದ್ದರಿಂದ ‘ಮತ್ತೆ’ ಎಂಬ ಪದವನ್ನೇ ಹಿಡಿದು ಓದುವುದು ಒಳ್ಳೆಯದು.

ಮಂಡ್ಯದ ಕಡೆಯವರಿಗೆ ಈ ‘ಮತ್ತೆ’ಯನ್ನು ವಿವರಿಸಲು ಕೂಳೆ ಕಬ್ಬಿಗಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಕಟಾವಾದ ಗದ್ದೆಯಲ್ಲಿ ಹೊಸ ತುಂಡನ್ನು ನಾಟಿ ಮಾಡದೆ, ಉಳಿದ ಬುಡದಿಂದಲೇ ಎರಡನೆಯ ಬೆಳೆಯನ್ನು ತೆಗೆಯುವುದಕ್ಕೆ ಕೂಳೆ ಎನ್ನುತ್ತೇವೆ. ಅಲ್ಲಿ ಹೊಸ ಮೊಳಕೆಯು ತನ್ನದೇ ಬೇರು ಬಿಡುವವರೆಗೆ ಹಳೆಯ ಬೇರಿನಿಂದಲೇ ನೀರನ್ನೂ ಸಾರವನ್ನೂ ಎಳೆದುಕೊಳ್ಳುತ್ತದೆ. ಹೊಸ ಬೇರು ಇಳಿದ ಮೇಲೆ ಹಳೆಯದು ತಾನಾಗಿ ಸವೆಯುತ್ತದೆ. ದುರ್ಬಲ ಕಾದಂಬರಿಗಳು ಮೊದಲ ಗಂಡನನ್ನು ಕೆಟ್ಟವನೆಂದು ಚಿತ್ರಿಸಿ, ಅವನ ನೆನಪನ್ನು ಕಿತ್ತೆಸೆದು ಗದ್ದೆಯನ್ನು ಖಾಲಿ ಮಾಡಿಕೊಳ್ಳುತ್ತವೆ. ಒಳ್ಳೆಯ ಕಾದಂಬರಿಯಲ್ಲಿ ಅವನು ಒಳ್ಳೆಯವನಾಗಿಯೇ ಉಳಿದಿರುತ್ತಾನೆ, ಮತ್ತು ಅವನಿಂದ ಕಲಿತ ಪ್ರೀತಿಯೇ ಆಕೆಯನ್ನು ಎರಡನೆಯ ಒಲವಿನವರೆಗೆ ತಂದು ಬಿಡುತ್ತದೆ. ಕೂಳೆಗೆ ಆರೈಕೆ ಕಡಿಮೆ ಸಾಕೆಂಬುದೂ ತಪ್ಪು ತಿಳಿವಳಿಕೆ: ಬುಡವನ್ನು ನೆಲಮಟ್ಟಕ್ಕೆ ಸವರಬೇಕು, ಚಿಗುರದ ಜಾಗಗಳಲ್ಲಿ ಸಸಿ ತುಂಬಬೇಕು, ಗೊಬ್ಬರವನ್ನು ಇನ್ನಷ್ಟು ಕೊಡಬೇಕು.

ಇತಿಹಾಸವನ್ನು ಸ್ವಲ್ಪ ನೋಡೋಣ. 1856ರ ಕಾಯ್ದೆ ಹಿಂದೂ ವಿಧವೆಯರ ಮರುಮದುವೆಗೆ ಮಾನ್ಯತೆ ಕೊಟ್ಟಿತಾದರೂ, ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುವಂತೆಯೂ ಮಾಡಿತ್ತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಸಾಮಾನ್ಯವಾಗಿ ಗುರುತಿಸಲಾಗುವ, ಗುಲ್ವಾಡಿ ವೆಂಕಟರಾಯರ 1899ರ ‘ಇಂದಿರಾಬಾಯಿ’ಯ ವಸ್ತುವೇ ಬಾಲವಿಧವೆಯ ಮರುಮದುವೆ. 1965ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವು ನಂಜನಗೂಡು ಮತ್ತು ಮೈಸೂರಿನ ನಡುವೆ ನಡೆಯುವ ಕಥೆ; ಅಲ್ಲಿ ಮರುಮದುವೆಯಾಗುವ ಕಾತ್ಯಾಯನಿಯ ಸಂಕಟವೆಲ್ಲ, ಅತ್ತೆಮಾವಂದಿರ ಮನೆಯಲ್ಲಿ ಉಳಿದುಹೋದ ಮಗನ ಸುತ್ತ ಸುತ್ತುತ್ತದೆ. ಇವುಗಳ ಜೊತೆಗೆ ಇನ್ನೊಂದನ್ನು ಮರೆಯಬಾರದು. ಹಳೆಯ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ‘ಸೀರುಡಿಕೆ’ ಎಂಬ ಹೆಸರಿನ ಮರುಮದುವೆಯ ಪದ್ಧತಿ ಮೊದಲಿನಿಂದಲೂ ಇತ್ತು. ಸೀರೆ ಕೊಟ್ಟು ಕೂಡಿಸುತ್ತಿದ್ದರೇ ಹೊರತು ಮೊದಲ ಮದುವೆಯ ಚಪ್ಪರ, ಶಾಸ್ತ್ರ, ಸಂಭ್ರಮ ಅದಕ್ಕೆ ಇರುತ್ತಿರಲಿಲ್ಲ. ನಿಷೇಧವಿಲ್ಲದಿದ್ದರೂ ಮಾನ ಒಂದು ಮೆಟ್ಟಿಲು ಕೆಳಗೆ ಎಂಬ ಈ ಸ್ಥಿತಿಯೇ ಇಂದಿನ ಕಾದಂಬರಿಗೆ ನಿಜವಾದ ವಸ್ತು ಎಂದು ನನ್ನ ನಂಬಿಕೆ.

ಕಾನೂನಿನ ಅಡ್ಡಿ ಈಗ ಬಹುಮಟ್ಟಿಗೆ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡನಿಂದ ಹೆಂಡತಿಗೆ ಬಂದ ಪಾಲು ಅವಳ ಪೂರ್ಣ ಸ್ವತ್ತಾಗುತ್ತದೆ. ಆಮೇಲೆ ಮದುವೆಯಾದರೆ ಅದು ಕೈಬಿಟ್ಟು ಹೋಗುವುದಿಲ್ಲ. ನಾಲೆಯ ಬಯಲಿನ ಒಂದು ಎಕರೆ ಗದ್ದೆ ಆಕೆಯ ಹೆಸರಿನಲ್ಲಿರುವಾಗ ಮೈದುನನ ಮಾತಿನ ಧಾಟಿ ಏಕೆ ಬದಲಾಗುತ್ತದೆ ಎಂಬುದು ಇದನ್ನು ತಿಳಿದ ಓದುಗರಿಗೆ ಕೂಡಲೇ ಹೊಳೆಯುತ್ತದೆ.

ಸಣ್ಣ ಊರು ಇಂಥ ಕಥೆಗೆ ಬರೀ ಹಿನ್ನೆಲೆಯಲ್ಲ. ಕಥೆಯನ್ನು ಬೆಂಗಳೂರಿಗೆ ಎತ್ತಿಟ್ಟರೂ ಏನೂ ಬದಲಾಗದಿದ್ದರೆ, ಊರು ಅಲ್ಲಿ ಕೆಲಸ ಮಾಡಿಲ್ಲವೆಂದೇ ಅರ್ಥ. ಪಾಂಡವಪುರದ ಹೋಟೆಲಿನಲ್ಲಿ ಇಬ್ಬರು ಎದುರುಬದುರು ಕೂತು ಕಾಫಿ ಕುಡಿದರೆ, ಬಿಲ್ಲು ತರುವವನು ಸತ್ತ ಗಂಡನ ಜೊತೆಗೆ ಓದಿದವನಾಗಿರುತ್ತಾನೆ. ಊರಿಗೆ ತನ್ನದೇ ಕಾಲಗಣನೆಯೂ ಇದೆ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಗರಿಷ್ಠ ಮಟ್ಟವಾದ 124.80 ಅಡಿಗೆ ಎಷ್ಟು ಕಡಿಮೆಯಿದೆ ಎಂಬುದನ್ನು ದಿನವೂ ಪತ್ರಿಕೆಯಲ್ಲಿ ನೋಡುವ ಜನ, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನದಿಂದ ಎಲ್ಲ ಕೆಲಸವನ್ನೂ ಲೆಕ್ಕ ಹಾಕುತ್ತಾರೆ. ಈ ಕಾಯುವಿಕೆಯನ್ನು ಬಲ್ಲ ಲೇಖಕಿ ‘ಎರಡು ವರ್ಷಗಳ ನಂತರ’ ಎಂದು ಬರೆಯುವುದಿಲ್ಲ, ‘ಎರಡನೆಯ ಕೂಳೆ ಮುಗಿದ ಮೇಲೆ’ ಎಂದು ಬರೆಯುತ್ತಾಳೆ.

ಅಭ್ಯಾಸಕ್ಕಾಗಿ ನಾನೇ ಕಟ್ಟಿಕೊಂಡ ಒಂದು ದೃಶ್ಯವನ್ನು ಇಲ್ಲಿ ಇಡುತ್ತೇನೆ. ನಲವತ್ತರ ವಿಧವೆಯೊಬ್ಬಳ ಗದ್ದೆಯ ಮೋಟಾರು ಸರಿಮಾಡಲು ಬರುವವನಿಗೆ ಮನೆಯಲ್ಲಿ ಕಾಫಿ ಕೊಡುವ ರೂಢಿ ಇದೆ. ಅಡುಗೆಮನೆಯ ಹಲಗೆಯ ಮೇಲೆ, ಗಂಡನ ಹೆಸರು ಕೆತ್ತಿಸಿದ ಸ್ಟೀಲ್ ಲೋಟವೊಂದು ಇದೆ; ಆರು ತಿಂಗಳಿನಿಂದ ಆಕೆಯ ಕೈ ಅದನ್ನು ದಾಟಿಕೊಂಡು ಪಕ್ಕದ ಲೋಟಕ್ಕೆ ಹೋಗುತ್ತಿತ್ತು. ಒಂದು ದಿನ ಉಳಿದ ಲೋಟಗಳೆಲ್ಲ ಬಚ್ಚಲಲ್ಲಿವೆ. ಆಕೆ ಅದರಲ್ಲೇ ಕೊಡುತ್ತಾಳೆ. ಆತ ಹೆಸರನ್ನು ಓದುತ್ತಾನೆ, ಕುಡಿಯುತ್ತಾನೆ, ಹಿತ್ತಲಿನ ನಲ್ಲಿಯಲ್ಲಿ ತಾನೇ ತೊಳೆದು ತಂದು ಅದೇ ಹಲಗೆಯ ಮೇಲೆ ಬೋರಲು ಹಾಕಿ ಹೋಗುತ್ತಾನೆ. ಜಗಲಿಯಿಂದ ನೋಡುತ್ತಿದ್ದ ಅತ್ತೆ ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆಳೆದುಕೊಂಡು, “ತೊಳ್ದಿಟ್ಟವ್ನೆ ಕಣವ್ವ, ಬುಡು” ಎನ್ನುತ್ತಾಳೆ. ಪ್ರೀತಿ ಎಂಬ ಪದ ಇಲ್ಲಿ ಎಲ್ಲೂ ಬಂದಿಲ್ಲ. ಆದರೆ ಸತ್ತವನ ಸ್ಥಾನವನ್ನು ಆತ ಕಿತ್ತುಕೊಳ್ಳಲಿಲ್ಲ ಎಂಬುದನ್ನು ಮಗನನ್ನು ಕಳೆದುಕೊಂಡ ತಾಯಿ ಎಲ್ಲರಿಗಿಂತ ಮೊದಲು ಕಂಡಿದ್ದಾಳೆ. ಮುಂದೆ ಆಕೆ ಕೊಡುವ ಒಪ್ಪಿಗೆಗೆ ಓದುಗರು ಇಲ್ಲಿಂದಲೇ ಸಿದ್ಧರಾಗುತ್ತಾರೆ.

ಇನ್ನು ಸಂಬೋಧನೆಯ ವಿಷಯ. ಇದನ್ನು ಕನ್ನಡದಲ್ಲಿ ವಿಶೇಷವಾಗಿ ಗಮನಿಸಬೇಕು. ನಮ್ಮ ಊರುಗಳಲ್ಲಿ ಪರಿಚಯದ ಗಂಡಸನ್ನು ಹೆಂಗಸು ‘ಅಣ್ಣ’ ಎಂದೇ ಕರೆಯುತ್ತಾಳೆ. ಆ ಕರೆಯ ಮರೆಯಲ್ಲಿ ಇಬ್ಬರೂ ಯಾರ ಕಣ್ಣಿಗೂ ಬೀಳದೆ ಮಾತಾಡಬಹುದು. ಒಲವು ಮೂಡಿದ ಮೇಲೆ ಆ ಪದ ನಾಲಗೆಗೆ ಬರುವುದಿಲ್ಲ, ಅದರ ಬದಲಿಗೆ ಬೇರೊಂದು ಪದವೂ ಸಿಕ್ಕುವುದಿಲ್ಲ. ಹಾಗಾಗಿ ಹಲವು ಅಧ್ಯಾಯಗಳ ಕಾಲ ಆಕೆ ಆತನನ್ನು ಏನೂ ಕರೆಯದೆ, “ಇಲ್ಲಿ ನೋಡಿ”, “ಕೇಳಿಸ್ತಾ” ಎಂದು ಮಾತು ಸಾಗಿಸುತ್ತಾಳೆ. ಇಂಥ ಕಾದಂಬರಿ ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಕೂತು, ಕೊನೆಯ ‘ಅಣ್ಣ’ ಯಾವ ಪುಟದಲ್ಲಿದೆ, ಮೊದಲ ‘ನೀನು’ ಯಾವ ಪುಟದಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಆ ಎರಡು ಗುರುತುಗಳ ನಡುವಿನ ಪುಟಗಳನ್ನು ಎರಡನೆಯ ಸಲ ನಿಧಾನವಾಗಿ ಓದಿ.