ನೋವಿಗೂ ನಿದ್ದೆಗೂ ಒಂದೇ ಮಾತ್ರೆ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದವರಿಗೆ ಬರವಿಲ್ಲ. ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟಿನ ಜೊತೆ ಎಷ್ಟೋ ಸಲ ಒಂದು ಮಾತ್ರೆ ಡಬ್ಬಿಯೂ ಇರುತ್ತದೆ. ಟೈಲನಾಲ್ ಪಿಎಂ, ಇಲ್ಲವೇ ಆಡ್ವಿಲ್ ಪಿಎಂ. ಅಂದರೆ ಮಲಗುವ ಹೊತ್ತಿಗೆ ತಗೊಳ್ಳುವ ನೋವಿನ ಮಾತ್ರೆ. ಅಲ್ಲಿ ಡಾಕ್ಟರ ಚೀಟಿ ಇಲ್ಲದೆಯೇ ಸಿಗುತ್ತದೆ. ಮಂಡಿನೋವೂ ಕಡಿಮೆ, ನಿದ್ದೆಯೂ ಬರುತ್ತೆ ಅಂತ ಪಕ್ಕದ ಮನೆಯವರಿಗೂ ನಾಲ್ಕು ಮಾತ್ರೆ ಹಂಚಿಕೆಯಾಗುತ್ತದೆ.

ಡಬ್ಬಿ ಹೊಸದಾದರೂ ಒಳಗಿರುವವರು ನಮಗೆ ಹಳೇ ಪರಿಚಯ. ಟೈಲನಾಲ್ ಪಿಎಂನ ಒಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಅಸಿಟಮಿನೋಫೆನ್, 25 ಮಿಲಿಗ್ರಾಂ ಡೈಫೆನ್‌ಹೈಡ್ರಮೀನ್. ಅಸಿಟಮಿನೋಫೆನ್ ಬೇರೇನಲ್ಲ, ನಮ್ಮ ಪ್ಯಾರಾಸಿಟಮಾಲ್. ಡೈಫೆನ್‌ಹೈಡ್ರಮೀನ್ ಅಂದರೆ ಬೆನಡ್ರಿಲ್ ಕೆಮ್ಮಿನ ಸಿರಪ್‌ನಲ್ಲಿ ಇರುವ ಔಷಧ. ಆ ಸಿರಪ್ ಕುಡಿದ ಮೇಲೆ ತೂಕಡಿಕೆ ಬರುತ್ತದಲ್ಲ, ಅದೇ ಗುಣವನ್ನು ಇಲ್ಲಿ ನಿದ್ದೆಗೆ ಬಳಸಿದ್ದಾರೆ. ಆಡ್ವಿಲ್ ಪಿಎಂನಲ್ಲಿ ಪ್ಯಾರಾಸಿಟಮಾಲ್ ಬದಲು ಐಬುಪ್ರೊಫೆನ್ ಎಂಬ ಇನ್ನೊಂದು ನೋವಿನ ಔಷಧ.

ಈ ತೂಕಡಿಕೆಯ ಹಿಂದಿರುವುದು ನಮ್ಮ ಮೈಯಲ್ಲೇ ತಯಾರಾಗುವ ಹಿಸ್ಟಮೀನ್ ಎಂಬ ರಾಸಾಯನಿಕದ ಕಥೆ. ಅದರ ಹೆಸರು ಕೇಳಿದ ಕೂಡಲೇ ನೆನಪಾಗುವುದು ಅಲರ್ಜಿಯ ಸೀನು, ತುರಿಕೆ. ಆದರೆ ಮಿದುಳಿನಲ್ಲಿ ಅದರ ಕೆಲಸವೇ ಬೇರೆ. ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕಗಳಲ್ಲಿ ಅದೂ ಒಂದು. ಡೈಫೆನ್‌ಹೈಡ್ರಮೀನ್ ಮಿದುಳಿನೊಳಗೆ ಸಲೀಸಾಗಿ ನುಗ್ಗಿ ಹಿಸ್ಟಮೀನ್‌ನ ಬಾಯಿ ಮುಚ್ಚಿಸುತ್ತದೆ. ತೂಕಡಿಕೆ ಶುರು. ಮೂರ್ನಾಲ್ಕು ದಿನ ಒಂದೇ ಸಮನೆ ತಗೊಂಡರೆ ಮಿದುಳು ಇದಕ್ಕೆ ಒಗ್ಗಿಹೋಗುತ್ತದೆ, ಮೊದಲಿನ ಹಾಗೆ ನಿದ್ದೆ ಬರಲ್ಲ. ನಿದ್ದೆ ಕೈಕೊಟ್ಟರೂ ಉಳಿದ ತೊಂದರೆಗಳು ಹಾಗೇ ಇರುತ್ತವೆ.

ಆ ತೊಂದರೆಗಳು ಜಾಸ್ತಿ ಕಾಡುವುದು ವಯಸ್ಸಾದವರನ್ನು. ಈ ಔಷಧ ಅಸಿಟೈಲ್‌ಕೋಲೀನ್ ಎಂಬ ಇನ್ನೊಂದು ರಾಸಾಯನಿಕಕ್ಕೂ ಅಡ್ಡ ಬರುತ್ತದೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಕಣ್ಣು ಮಂಜಾಗುತ್ತದೆ. ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮೂತ್ರವೇ ಕಟ್ಟಿಕೊಳ್ಳಬಹುದು. ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕಣ್ಣಿನ ಒತ್ತಡ ಏರಬಹುದು. ಮೇಲಾಗಿ, ವಯಸ್ಸಾದವರ ಮೈಯಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 13 ಗಂಟೆ ಬೇಕು. ರಾತ್ರಿ 10ಕ್ಕೆ ನುಂಗಿದ್ದು ಬೆಳಿಗ್ಗೆ 11ಕ್ಕೂ ಅರ್ಧ ಉಳಿದಿರುತ್ತದೆ ಅಂತಾಯ್ತು. ವಾಕಿಂಗ್ ಹೊರಟ ತಾತನ ಕಾಲು ತಡವರಿಸುವುದು, ಅಜ್ಜಿ ಇದ್ದಕ್ಕಿದ್ದಂತೆ ಗೊಂದಲಕ್ಕೆ ಬೀಳುವುದು ಇದರಿಂದಲೂ ಇರಬಹುದು. ಮನೆಯವರು ವಯಸ್ಸಾಯ್ತಲ್ಲ ಅಂತ ಸುಮ್ನಾಗುತ್ತಾರೆ. ಅಮೆರಿಕದ ವೃದ್ಧವೈದ್ಯರ ಸಂಘ ವಯಸ್ಸಾದವರಿಗೆ ಬೇಡವೆಂದು ಮಾಡಿರುವ ಔಷಧಗಳ ಪಟ್ಟಿಯಲ್ಲಿ ಡೈಫೆನ್‌ಹೈಡ್ರಮೀನ್ ಕೂಡ ಇದೆ. ಆದರೂ ಆ ಡಬ್ಬಿ ಬರುವುದು ಹೆಚ್ಚಾಗಿ ಅಪ್ಪ ಅಮ್ಮನಿಗಾಗಿಯೇ!

ಇನ್ನು ಪ್ಯಾರಾಸಿಟಮಾಲ್. ಅಳತೆಯಲ್ಲಿ ತಗೊಂಡರೆ ಒಳ್ಳೆಯ ಔಷಧ, ಅದರ ಮೇಲೆ ನನಗೇನೂ ಕೋಪವಿಲ್ಲ. ತೊಂದರೆ ಆಗುವುದು ಲೆಕ್ಕ ತಪ್ಪಿದಾಗ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4000 ಮಿಲಿಗ್ರಾಂ ಗರಿಷ್ಠ ಮಿತಿ. ಜ್ವರ, ಮೈಕೈ ನೋವು ಅಂತ ಡೋಲೋ 650 ನಾಲ್ಕು ಸಲ ತಗೊಂಡಿರಿ, 2600 ಆಯ್ತು. ಮೂಗು ಸೋರುತ್ತಿದೆ ಅಂತ ನೆಗಡಿ ಮಾತ್ರೆ ಮೂರು ಸಲ. ಅಂಥ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ 500 ಸೇರಿರುತ್ತದೆ, ಅಲ್ಲಿಗೆ 4100. ರಾತ್ರಿ ಪಿಎಂ ಮಾತ್ರೆ ಎರಡು, ಒಟ್ಟು 5100. ತಗೊಂಡವರ ಲೆಕ್ಕದಲ್ಲಿ ಅದು ಮೂರು ಬೇರೆ ಬೇರೆ ಔಷಧ. ಲಿವರಿನ ಲೆಕ್ಕದಲ್ಲಿ ಒಂದೇ.

ಪ್ಯಾರಾಸಿಟಮಾಲ್‌ನ ಸ್ವಲ್ಪ ಪಾಲು ಲಿವರಿನಲ್ಲಿ ವಿಷಕಾರಿ ವಸ್ತುವಾಗಿ ಬದಲಾಗುತ್ತದೆ. ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತುವಿನ ದಾಸ್ತಾನು ಅದನ್ನು ಆಗಿಂದಾಗ್ಗೆ ತೊಡೆದುಹಾಕುತ್ತದೆ. ದಾಸ್ತಾನು ಮುಗಿದರೆ ವಿಷ ಲಿವರಿನ ಜೀವಕೋಶಗಳನ್ನೇ ಸುಡುತ್ತದೆ. ದಿನಾ ಕುಡಿಯುವವರಲ್ಲಿ, ಸರಿಯಾಗಿ ಊಟ ಮಾಡದವರಲ್ಲಿ ಅದು ಬೇಗ ಖಾಲಿ. ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಆಗದಿರಬಹುದು. ಲಿವರಿಗೆ ಪೆಟ್ಟು ಬಿದ್ದಿದ್ದು ಗೊತ್ತಾಗುವುದು ಎರಡು ಮೂರು ದಿನ ಕಳೆದ ಮೇಲೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಮದ್ದಿದೆ, ಆದರೆ ಮಾತ್ರೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಅದರ ಗುಣವೇ ಬೇರೆ. ಹಾಗಾಗಿ ಯಾರಾದರೂ ಹೆಚ್ಚು ನುಂಗಿದ್ದು ಗೊತ್ತಾದರೆ ಚೆನ್ನಾಗೇ ಇದ್ದಾರಲ್ಲ ಅಂತ ಕಾಯಬಾರದು. ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಮಂಡ್ಯದ ಮಿಮ್ಸೋ, ಹತ್ತಿರದ ತುರ್ತು ವಿಭಾಗಕ್ಕೆ ಮಾತ್ರೆ ಸ್ಟ್ರಿಪ್ ಸಮೇತ ಓಡಬೇಕು.

ಅಮೆರಿಕದ ಡಬ್ಬಿಯ ಮೇಲೆ ಕನಿಷ್ಠ ಹೆಸರು, ಅಳತೆ ಇರುತ್ತದೆ. ಮಂಡ್ಯದ ಕಡೆ ನಾಟಿ ಸಮಯದಲ್ಲಿ ಸಂಜೆ ಮೆಡಿಕಲ್ ಮುಂದೆ ಕೇಳಿಬರುವ ಮಾತೇ ಬೇರೆ: "ಅಣ್ಣಾ, ಸೊಂಟ ಬಿದ್ದೋಗದೆ, ರಾತ್ರಿ ನಿದ್ದೆನೇ ಇಲ್ಲ. ಎರಡಕ್ಕೂ ಆಗೋ ಹಂಗೆ ಒಂದ್ ಡೋಸ್ ಕೊಡಣ್ಣ." ಅಂಗಡಿಯವನು ಕತ್ತರಿ ತಗೊಂಡು ಮೂರ್ನಾಲ್ಕು ಸ್ಟ್ರಿಪ್‌ನಿಂದ ಒಂದೊಂದು ಮಾತ್ರೆ ಕತ್ತರಿಸಿ ಸಣ್ಣ ಕಾಗದದ ಕವರಿಗೆ ಹಾಕುತ್ತಾನೆ. ಕತ್ತರಿಸಿದ ತುಂಡಿನ ಹಿಂದೆ ಹೆಸರಿನ ಎರಡಕ್ಷರ ಉಳಿದರೆ ಪುಣ್ಯ. ನಿದ್ದೆಗೆಂದು ಹಾಕಿದ್ದು ತೂಕಡಿಕೆ ತರುವ ನೆಗಡಿ ಮಾತ್ರೆಯಾದರೆ ವಾಸಿ. ಆಲ್‌ಪ್ರಜೋಲಾಮ್ ಥರದ ನಿದ್ದೆ ಮಾತ್ರೆಯೂ ಟ್ರಮಡಾಲ್ ಥರದ ನೋವಿನ ಮಾತ್ರೆಯೂ ಜೊತೆಯಾದರೆ ಉಸಿರಾಟವೇ ನಿಧಾನವಾಗಬಹುದು, ಜೀವಕ್ಕೇ ಅಪಾಯ. ಮೇಲೆ ಒಂದು ಕ್ವಾರ್ಟರ್ ಬಿದ್ದರಂತೂ ಕೇಳುವುದೇ ಬೇಡ. ಎರಡೂ ಎಚ್1 ಷೆಡ್ಯೂಲ್‌ನ ಔಷಧಗಳು. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಬೇಕಾಬಿಟ್ಟಿ ಬೆರಕೆಗಳ ಮೇಲೆ ಸರ್ಕಾರಕ್ಕೂ ಕಣ್ಣಿದೆ, 2024ರ ಆಗಸ್ಟ್‌ನಲ್ಲಿ, ಒಂದರಲ್ಲೇ ಹಲವು ಔಷಧ ಸೇರಿಸಿದ ಅಂಥ 156 ಬೆರಕೆಗಳನ್ನು ಕೇಂದ್ರ ನಿಷೇಧಿಸಿತು. ಆದರೆ ಕತ್ತರಿಯಲ್ಲಿ ಆಗುವ ಬೆರಕೆ ಯಾವ ಪಟ್ಟಿಯಲ್ಲೂ ಬರಲ್ಲ.

ಹಾಗಾದರೆ ಪಿಎಂ ಮಾತ್ರೆ ಯಾರಿಗೂ ಬೇಡವೇ? ಹಲ್ಲು ಕೀಳಿಸಿಕೊಂಡ ರಾತ್ರಿ, ಕಾಲು ಉಳುಕಿದ ರಾತ್ರಿ, ಬೇರೆ ಕಾಯಿಲೆ ಇಲ್ಲದ ನಡುವಯಸ್ಸಿನವರಿಗೆ ಒಂದೆರಡು ದಿನ ಪರವಾಗಿಲ್ಲ. ಮಾರನೆಯ ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ ಮಂಪರು ಇಳಿದಿದೆಯಾ ನೋಡಿಕೊಂಡರೆ ಸಾಕು. ಬಿಪಿ ಅಥವಾ ಕಿಡ್ನಿ ತೊಂದರೆ, ಹೊಟ್ಟೆಯಲ್ಲಿ ಹುಣ್ಣು ಇದ್ದವರು ಐಬುಪ್ರೊಫೆನ್ ಇರುವುದನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಆದರೆ ನೋವಿನಿಂದಲೇ ನಿದ್ದೆ ಕೆಟ್ಟಿದ್ದರೆ ನೋವಿನ ಮಾತ್ರೆಯೊಂದೇ ಎಷ್ಟೋ ಸಲ ಸಾಕಾಗುತ್ತದೆ. ನೋವು ಇಳಿದರೆ ನಿದ್ದೆ ತಾನಾಗಿಯೇ ಬರುತ್ತದೆ. ನೋವೇ ಇಲ್ಲದೆ ಬರೀ ನಿದ್ದೆ ಬಾರದವರು ಟೈಲನಾಲ್ ಪಿಎಂ ಎರಡು ನುಂಗಿದರೆ, ದಿನಾ ರಾತ್ರಿ ಲಿವರಿಗೆ ಸುಮ್ನೆ 1000 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೆಲಸ. 10 ದಿನ ದಾಟಿದರೂ ನೋವು ಹೋಗದಿದ್ದರೆ, ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ ಅಂತ ಟೈಲನಾಲ್ ಪಿಎಂ ಡಬ್ಬಿಯ ಮೇಲೇ ಬರೆದಿದೆ, ತೀರಾ ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ.