ಪದ ಪರಿಚಯ: ಕಾರ್ ಲೋನ್ ‘ಟೇಕ್‌ಓವರ್’, ಸಿಬಿಲ್ ಸ್ವಲ್ಪ ಕೆಟ್ಟಿದ್ದಾಗ

ಫೈನಾನ್ಸ್ ಕಚೇರಿಗೆ ಹೋಗಿ ‘ಕಾರ್ ರೀಫೈನಾನ್ಸ್’ ಎಂದು ಕೇಳಿದರೆ ಎರಡು ಬೇರೆ ಬೇರೆ ಸಾಲಗಳಲ್ಲಿ ಯಾವುದಾದರೊಂದನ್ನು ತೋರಿಸಬಹುದು. ಒಂದು, ಸಾಲ ತೀರಿದ ಸ್ವಂತ ಕಾರನ್ನೇ ಆಧಾರವಾಗಿಟ್ಟು ಕೈಗೆ ಹಣ ಪಡೆಯುವುದು. ಇನ್ನೊಂದು, ಇನ್ನೂ ಕಂತು ನಡೆಯುತ್ತಿರುವ ಸಾಲವನ್ನು ಬೇರೆ ಬ್ಯಾಂಕು ತೀರಿಸಿ, ಉಳಿದ ಅಸಲನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವುದು. ಈ ಎರಡನೆಯದಕ್ಕೆ ಬ್ಯಾಂಕಿನವರು ‘ಬ್ಯಾಲೆನ್ಸ್ ಟ್ರಾನ್ಸ್‌ಫರ್’ ಎನ್ನುತ್ತಾರೆ, ಏಜೆಂಟರು ‘ಟೇಕ್‌ಓವರ್’ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಇದನ್ನೇ. ಮಾತು ಶುರುವಾಗುವ ಮೊದಲೇ ಯಾವುದು ಬೇಕೆಂದು ಬಿಡಿಸಿ ಹೇಳುವುದು ಒಳ್ಳೆಯದು.

‘ಸಿಬಿಲ್ ಕೆಟ್ಟಿದೆ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಬೇಕು. ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂದು ನೋಡಿ ಸಿಬಿಲ್ ಸಂಸ್ಥೆ ಕೊಡುವ ಅಂಕ ಇದು. ಅಂಕ 300ರಿಂದ 900ರವರೆಗೆ ಇರುತ್ತದೆ. 750 ದಾಟಿದವರನ್ನು ಸಾಲ ಕೊಡುವವರು ಕರೆದು ಕೂರಿಸುತ್ತಾರೆ. 650ರಿಂದ 750ರ ನಡುವೆ ಸಾಲ ಸಿಗುತ್ತದೆ, ಬಡ್ಡಿ ಏರುತ್ತದೆ. ಅದಕ್ಕೂ ಕೆಳಗಿದ್ದರೆ ಬಹುತೇಕ ಬ್ಯಾಂಕೇತರ ಫೈನಾನ್ಸ್ ಸಂಸ್ಥೆಗಳೇ ಗತಿ. ಆದರೆ ಅಂಕ ಒಂದೇ ಆದರೂ ಅದು ಇಳಿದ ಕಾರಣ ಒಂದೇ ಅಲ್ಲ. ಎರಡು ವರ್ಷದ ಹಿಂದೆ ಒಂದು ಕಂತು ತಡವಾದದ್ದು ಬೇರೆ, ಕ್ರೆಡಿಟ್ ಕಾರ್ಡ್ ಬಾಕಿಯನ್ನು ಅರ್ಧಕ್ಕೆ ಮುಗಿಸಿ ‘ಸೆಟಲ್ಡ್’ ಎಂದು ಬರೆಸಿಕೊಂಡದ್ದು ಬೇರೆ. ಮೊದಲನೆಯದನ್ನು ಕಾಲವೇ ಹಿಂದೆ ತಳ್ಳುತ್ತದೆ. ಸಿಬಿಲ್ ವರದಿಯ ಕಂತಿನ ಪಟ್ಟಿ ಹಿಂದಿನ 36 ತಿಂಗಳದ್ದು. ಎರಡನೆಯದು ತಾನಾಗಿ ಬೇಗ ಮಾಸುವುದಿಲ್ಲ. ಬ್ಯಾಂಕು ಬಿಟ್ಟುಕೊಟ್ಟಿದ್ದ ಉಳಿದ ಹಣ ಕಟ್ಟಿ, ಬಾಕಿ ಏನೂ ಇಲ್ಲ ಎಂಬ ‘ನೋ ಡ್ಯೂಸ್’ ಪತ್ರ ಪಡೆದು, ‘ಕ್ಲೋಸ್ಡ್’ ಎಂದು ತಿದ್ದಿಸಿದ ಮೇಲೆಯೇ ಅರ್ಜಿ ಹಾಕಬೇಕು. ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು ಸಹಿಯೂ ನಿಮ್ಮ ವರದಿಯಲ್ಲಿ ಕೂತಿರುತ್ತದೆ. ಅವರು ಕಂತು ತಪ್ಪಿಸಿದರೆ ಏಟು ಇಲ್ಲಿಗೂ ಬೀಳುತ್ತದೆ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಹೀಗೆ ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ವರದಿಯಲ್ಲಿ ತಪ್ಪಿದ್ದು ದೂರು ಕೊಟ್ಟರೆ 30 ದಿನದಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂಕ ಇಳಿಸುವುದು ಏಜೆಂಟರ ಕೆಲಸ: ‘ಎಲ್ಲಾದರೂ ಪಾಸ್ ಆಗುತ್ತೆ ಸರ್’ ಎಂದು ಒಂದೇ ವಾರದಲ್ಲಿ ಆರು ಕಡೆ ‘ಲಾಗಿನ್’, ಅಂದರೆ ಸಾಲದ ಅರ್ಜಿ, ಮಾಡಿಸುತ್ತಾರೆ. ಪ್ರತಿಯೊಂದೂ ವಿಚಾರಣೆಯಾಗಿ ದಾಖಲಾಗುತ್ತದೆ, ಏಳನೆಯವನಿಗೆ ನೀವು ಸಾಲಕ್ಕೆ ಅಲೆಯುತ್ತಿರುವಂತೆ ಕಾಣುತ್ತೀರಿ.

ಇನ್ನು ಲೆಕ್ಕ. ಹಳೆ ಕಾರಿಗೆ ಶೇ 18ರ ಬಡ್ಡಿಯಲ್ಲಿ 5 ಲಕ್ಷ, 48 ತಿಂಗಳಿಗೆ ತೆಗೆದಿದ್ದೀರಿ ಎಂದುಕೊಳ್ಳಿ. ಕಂತು 14,688 ರೂಪಾಯಿ. ಹನ್ನೆರಡು ಕಂತು ಕಟ್ಟಿದ ಮೇಲೆ ಅಸಲು ಬಾಕಿ ಸುಮಾರು 4,06,300. ಬೇರೆಯವರು ಶೇ 13ಕ್ಕೆ ಕೊಡುತ್ತೇವೆ ಎಂದರು, ಉಳಿದ 36 ತಿಂಗಳಿಗೆ. ಕಂತು 13,689 ಆಗುತ್ತದೆ. ತಿಂಗಳಿಗೆ ಸಾವಿರ, ಒಟ್ಟು 36 ಸಾವಿರ ಉಳಿತಾಯ. ಕೇಳಲು ಚೆನ್ನ. ಈಗ ಹಳೆಯವರು ಬಾಕಿ ಅಸಲಿನ ಮೇಲೆ ಶೇ 5 ಫೋರ್‌ಕ್ಲೋಷರ್ ಶುಲ್ಕ (ಅವಧಿಗೆ ಮುನ್ನ ಸಾಲ ಮುಗಿಸುವುದಕ್ಕೆ) ಹಾಕುತ್ತಾರೆ. ಶೇ 18 ಜಿಎಸ್‌ಟಿ ಸೇರಿ ಸುಮಾರು 23,970. ಹೊಸಬರ ಪ್ರೊಸೆಸಿಂಗ್ ಫೀ ಶೇ 2, ಜಿಎಸ್‌ಟಿ ಸೇರಿ 9,590. ಎರಡೂ ಕಳೆದರೆ ಉಳಿಯುವುದು ಎರಡೂವರೆ ಸಾವಿರವೂ ಇಲ್ಲ. ಸ್ಟ್ಯಾಂಪ್ ಪೇಪರ್, ಮೌಲ್ಯಮಾಪನ, ಆರ್‌ಟಿಒ ಓಡಾಟಕ್ಕೆ ಅದೂ ಹೋಯಿತು. ಬಡ್ಡಿ ಐದು ಅಂಶ ಇಳಿದರೂ ಗಿಟ್ಟಲಿಲ್ಲ! ಅದೇ ಫೋರ್‌ಕ್ಲೋಷರ್ ಶುಲ್ಕ ಶೇ 3 ಇದ್ದಿದ್ದರೆ ಹನ್ನೆರಡು ಸಾವಿರ ಉಳಿಯುತ್ತಿತ್ತು. ಹಾಗಾಗಿ ಹೊಸ ಬ್ಯಾಂಕಿನ ಬಡ್ಡಿ ವಿಚಾರಿಸುವ ಮೊದಲು ಹಳೆಯ ಕರಾರು ಪತ್ರದಲ್ಲಿ ಈ ಒಂದು ಸಾಲು ಹುಡುಕಬೇಕು. ಮೊದಲ ಆರು ತಿಂಗಳೋ ಒಂದು ವರ್ಷವೋ ಸಾಲ ಮುಗಿಸುವಂತೆಯೇ ಇಲ್ಲ ಎಂಬ ಷರತ್ತೂ ಅಲ್ಲೇ ಇರುತ್ತದೆ. ಮನೆ ಸಾಲಕ್ಕೆ ಈ ಶುಲ್ಕ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಏರಿಳಿಯುವ ಬಡ್ಡಿಯ ಸಾಲಕ್ಕೆ. ಕಾರ್ ಲೋನ್‌ಗಳು ಹೆಚ್ಚಾಗಿ ಸ್ಥಿರ ಬಡ್ಡಿಯವು.

ಈ ಲೆಕ್ಕ ಮುಚ್ಚಿಹೋಗುವಂತೆ ಮಾಡುವ ಉಪಾಯವೇ ಅವಧಿ ಹಿಗ್ಗಿಸುವುದು. ಅದೇ 4,06,300ನ್ನು ಶೇ 13ರಲ್ಲಿ 60 ತಿಂಗಳಿಗೆ ಹರಡಿದರೆ ಕಂತು 9,244ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಕಟ್ಟುವುದು 5,54,600. ಹಳೆ ಸಾಲವನ್ನೇ ಮುಂದುವರಿಸಿದ್ದರೆ 5,28,750. ಶುಲ್ಕಗಳನ್ನೂ ಸೇರಿಸಿದರೆ ಸುಮಾರು 59 ಸಾವಿರ ಹೆಚ್ಚು. ಸಂಬಳ ಕಡಿಮೆಯಾಗಿ ಕಂತು ತಪ್ಪುವ ಹಂತದಲ್ಲಿದ್ದರೆ ಇದನ್ನು ತಿಳಿದೇ ಒಪ್ಪಿಕೊಳ್ಳಬಹುದು, ಕಾರು ಜಪ್ತಿಯಾಗುವುದಕ್ಕಿಂತ ವಾಸಿ. ಉಳಿತಾಯ ಎಂದು ಮಾತ್ರ ಕರೆಯಬಾರದು. ಜೊತೆಗೆ ‘ಟಾಪ್‌ಅಪ್’, ಅಂದರೆ ಹೆಚ್ಚುವರಿ ಸಾಲ, ಎಂದು ಎಪ್ಪತ್ತೈದು ಸಾವಿರ ಕೈಗಿಟ್ಟರೆ, ಸಾಲ ಕಾರಿನ ಬೆಲೆಯನ್ನೇ ಮೀರಬಹುದು. ಆಮೇಲೆ ಮಾರಿದರೂ ಸಾಲ ತೀರುವುದಿಲ್ಲ. 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಅದರಲ್ಲಿ ಶುಲ್ಕವನ್ನೂ ಸೇರಿಸಿದ ವಾರ್ಷಿಕ ದರ ಇರುತ್ತದೆ. ಬಾಯಿಮಾತಿನ ಬಡ್ಡಿ ಬಿಟ್ಟು ಅದನ್ನು ಹೋಲಿಸಿ.

ಅಂಕ ಕಡಿಮೆಯಿದ್ದವರಿಗೆ ಬಾಗಿಲು ತೆರೆಯುವುದು ಇದೇ ಕಾರಿನ ಕಂತಿನ ದಾಖಲೆ. ತಪ್ಪದೆ ಕಟ್ಟಿದ ಹನ್ನೆರಡು ಕಂತು, ಅಷ್ಟೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. 5ನೇ ತಾರೀಖು ಕಂತು ಬೌನ್ಸ್ ಆಗಿ 8ಕ್ಕೆ ಕಟ್ಟಿದರೆ ಸಿಬಿಲ್ ವರದಿಯಲ್ಲಿ ಕಾಣದಿರಬಹುದು, ಸ್ಟೇಟ್‌ಮೆಂಟ್‌ನಲ್ಲಿ ಬೌನ್ಸ್ ಶುಲ್ಕ ಎದ್ದು ಕಾಣುತ್ತದೆ. ಕ್ರೆಡಿಟ್ ಆಫೀಸರ್ ಮೊದಲು ಹುಡುಕುವುದೇ ಅದನ್ನು. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ವರದಿ ಕಳಿಸಬೇಕಾದ್ದರಿಂದ ಚಿಕ್ಕ ತಡವೂ ಮೊದಲಿಗಿಂತ ಬೇಗ ಸಿಕ್ಕಿಬೀಳುತ್ತದೆ. ಸ್ಥಿರ ಆದಾಯವಿರುವ ಹೆಂಡತಿ ಅಥವಾ ಗಂಡ ಸಹ ಅರ್ಜಿದಾರರಾದರೆ ಬಡ್ಡಿ ಇಳಿಸಿಕೊಳ್ಳಲು ಸಾಧ್ಯ. ಕಾರಿನ ವಯಸ್ಸನ್ನೂ ನೋಡುತ್ತಾರೆ: ಸಾಲ ಮುಗಿಯುವ ಹೊತ್ತಿಗೆ ಹತ್ತು ವರ್ಷ ದಾಟುವ ಗಾಡಿಯನ್ನು ಅನೇಕರು ಮುಟ್ಟುವುದಿಲ್ಲ.

ಕಾಗದದ ಕೆಲಸ ಹೀಗೆ. ಹಳೆಯವರಿಂದ, ಇಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಎಂಬ ಫೋರ್‌ಕ್ಲೋಷರ್ ಪತ್ರ ತೆಗೆದುಕೊಳ್ಳಬೇಕು. ಅದಕ್ಕೆ ಕೆಲವೇ ದಿನದ ಆಯಸ್ಸು, ದಾಟಿದರೆ ದಿನದ ಬಡ್ಡಿ ಸೇರುತ್ತದೆ. ಹೊಸಬರು ಹಣವನ್ನು ನೇರ ಹಳೆ ಸಾಲದ ಖಾತೆಗೇ ಕಟ್ಟುವಂತೆ ಕೇಳಿ, ಏಜೆಂಟರ ಖಾತೆಯ ಮೂಲಕ ಬೇಡ. ಸಾಲ ಮುಗಿದ ಮೇಲೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಹಿ ಮಾಡಿದ ಫಾರ್ಮ್ 35 ಎರಡು ಪ್ರತಿ ಬರುತ್ತವೆ. ಅದೇ ಸಂಸ್ಥೆಯಲ್ಲಿ ನಿಮ್ಮ ಬೇರೆ ಸಾಲವೋ ಕಾರ್ಡೋ ಬಾಕಿಯಿದ್ದರೆ ಎನ್‌ಒಸಿಯನ್ನು ತಡೆದಿಡುವುದುಂಟು, ಮೊದಲೇ ಕೇಳಿ. ಫಾರ್ಮ್ 35ರಿಂದ ಆರ್‌ಸಿಯಲ್ಲಿನ ಹಳೆ ‘ಎಚ್‌ಪಿ’ (ಕಾರಿನ ಮೇಲೆ ಸಾಲವಿದೆ ಎಂಬ ನಮೂದು) ಕ್ಯಾನ್ಸಲ್ ಆಗುತ್ತದೆ, ಫಾರ್ಮ್ 34ರಿಂದ ಹೊಸದು ಏರುತ್ತದೆ. ಎರಡೂ ಆದವೇ ಎಂದು ಕರ್ನಾಟಕದಲ್ಲಿ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ ನೋಡುವುದು ವಾಡಿಕೆ. ಎನ್‌ಒಸಿ ಸಾಮಾನ್ಯವಾಗಿ ಮೂರು ತಿಂಗಳಷ್ಟೇ ನಡೆಯುತ್ತದೆ, ಬೀರುವಿನಲ್ಲಿಟ್ಟು ಮರೆತರೆ ಮತ್ತೆ ಬರೆಸಬೇಕು.

ಈ ನಡುವೆ ಹಳೆಯ ಕಂತಿನ ಆಟೊ ಡೆಬಿಟ್ ಇನ್ನೊಂದು ಸಲ ಬಂದುಬಿಡುವುದು ಸಾಮಾನ್ಯ. ಖಾತೆಯಲ್ಲಿ ಒಂದು ಕಂತಿನ ಹಣ ಬಿಟ್ಟಿರಿ. ಹೆಚ್ಚು ಹೋದದ್ದನ್ನು ಕೇಳಿ ವಾಪಸ್ ಪಡೆಯಬಹುದು, ಬೌನ್ಸ್ ಆದರೆ ಸರಿಪಡಿಸಿದ ಅಂಕ ಮತ್ತೆ ಜಾರುತ್ತದೆ. ಒಂದೂವರೆ ತಿಂಗಳ ನಂತರ ವರದಿ ತೆಗೆದು, ಹಳೆ ಸಾಲ ‘ಕ್ಲೋಸ್ಡ್’, ಬಾಕಿ ಸೊನ್ನೆ ಎಂದಿದೆಯೇ ನೋಡಿ. ಇನ್ಶೂರೆನ್ಸ್ ಪಾಲಿಸಿಯಲ್ಲೂ ಫೈನಾನ್ಸ್‌ನವರ ಹೆಸರು ಬದಲಾಯಿಸಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ; ಕಾರು ಪೂರ್ತಿ ಜಖಂ ಆದ ದಿನ, ಕ್ಲೇಮ್ ಹಣ ಯಾರಿಗೆ ಸೇರಬೇಕೆಂಬ ಪತ್ರವ್ಯವಹಾರದಲ್ಲಿ ಅದು ನೆನಪಾಗುತ್ತದೆ.