ಗಾಡಿ ಓಡಿಸುವವರ ಬ್ಲೂಟೂತ್: ಒಂದು ಕಿವಿ ರಸ್ತೆಗೇ ಇರಲಿ

ಕಿವಿಯ ಪರೀಕ್ಷೆಗೆಂದು ನಮ್ಮಲ್ಲಿಗೆ ಬರುವ ಟ್ಯಾಕ್ಸಿ ಚಾಲಕರು, ಔಷಧ ಕಂಪನಿಗಳ ಪ್ರತಿನಿಧಿಗಳು, ಸೈಟಿನಿಂದ ಸೈಟಿಗೆ ಓಡಾಡುವ ಗುತ್ತಿಗೆದಾರರು ಪರೀಕ್ಷೆ ಮುಗಿದ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಗಾಡಿ ಓಡಿಸುವಾಗ ಮಾತನಾಡಲು ಯಾವ ಬ್ಲೂಟೂತ್ ಒಳ್ಳೆಯದು? ಆಗ ಅವರು ಜೇಬಿನಿಂದ ತೆಗೆದು ತೋರಿಸುವುದು ಬಹುಮಟ್ಟಿಗೆ ಹಾಡು ಕೇಳಲೆಂದು ಕೊಂಡ ಜೋಡಿ ಇಯರ್‌ಬಡ್. ಅದರಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹಾಡಿಗೆ ಅನುಕೂಲವಾದ ಗುಣಗಳೇ ಚಾಲನೆಗೆ ತೊಡಕಾಗುತ್ತವೆ. ಚಾಲಕನಿಗೆ ಬೇಕಾದ ಹೆಡ್‌ಸೆಟ್ಟನ್ನು ಅದರ ಸ್ಪೀಕರಿನಿಂದ ಅಳೆಯಬಾರದು. ನಮ್ಮ ಮಾತನ್ನು ಆ ಕಡೆಗೆ ತಲುಪಿಸುವ ಮೈಕಿನಿಂದಲೂ, ರಸ್ತೆಯ ಸದ್ದನ್ನು ಅದು ನಮ್ಮ ಕಿವಿಗೆ ಎಷ್ಟರಮಟ್ಟಿಗೆ ಬಿಟ್ಟುಕೊಡುತ್ತದೆ ಎಂಬುದರಿಂದಲೂ ಅಳೆಯಬೇಕು.

ಅದಕ್ಕೂ ಮೊದಲು ಹೆಡ್‌ಸೆಟ್ ಏನನ್ನು ಮಾಡಲಾರದು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಚಾಲಕರ ಫೋನ್ ಕರೆಗಳ ದಾಖಲೆಯನ್ನೂ ಅಪಘಾತದ ಸಮಯವನ್ನೂ ಹೋಲಿಸಿ ನೋಡಿದ ಎರಡು ಹೆಸರಾಂತ ಅಧ್ಯಯನಗಳಿವೆ: 1997ರಲ್ಲಿ ಕೆನಡಾದ ಟೊರಾಂಟೊದಿಂದ ಬಂದದ್ದು ಒಂದು, 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದದ್ದು ಇನ್ನೊಂದು. ಮಾತಿನಲ್ಲಿ ತೊಡಗಿರುವಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂದು ಎರಡೂ ಹೇಳಿದವು. ಕೈಯಲ್ಲಿ ಫೋನ್ ಹಿಡಿಯದೆ ಮಾತನಾಡಿದವರಿಗೆ ಅದರಿಂದ ರಕ್ಷಣೆ ಸಿಕ್ಕಿದ್ದು ಎರಡರಲ್ಲೂ ಕಾಣಲಿಲ್ಲ. ಕೈ ಬಿಡುವಾದರೂ ಮನಸ್ಸು ಮಾತಿನಲ್ಲೇ ಇರುತ್ತದೆಯಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಲೆಕ್ಕಾಚಾರದ ಮಾತೋ ಜಗಳದ ಮಾತೋ ನಡೆದಿರುವಾಗ ಆ ಒಂದು ಸೆಕೆಂಡು ಸಲೀಸಾಗಿ ಕಳೆದುಹೋಗುತ್ತದೆ. ಹಾಗಾಗಿ ನನ್ನ ಸಲಹೆಯೆಲ್ಲ "ಹತ್ತು ನಿಮಿಷದಲ್ಲಿ ಬರುತ್ತೇನೆ, ಗೇಟಿನ ಹತ್ತಿರ ನಿಂತಿರಿ" ಎನ್ನುವಷ್ಟು ಚಿಕ್ಕ ಕರೆಗಳಿಗೆ ಮಾತ್ರ ಸಂಬಂಧಿಸಿದ್ದು. ಉಳಿದ ಮಾತಿಗೆ ಗಾಡಿಯನ್ನು ಬದಿಗೆ ನಿಲ್ಲಿಸಬೇಕು.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಕೈಯಲ್ಲಿ ಹಿಡಿಯುವ ಸಂವಹನ ಸಾಧನವನ್ನು ಚಾಲನೆಯ ವೇಳೆ ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ; ಮೊದಲ ಸಲದ ಅಪರಾಧಕ್ಕೆ ಕಾಯ್ದೆಯಲ್ಲಿ ಹೇಳಿರುವ ದಂಡ 1,000ದಿಂದ 5,000 ರೂಪಾಯಿ, ಜೊತೆಗೆ ಜೈಲಿಗೂ ಅವಕಾಶವಿದೆ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ಕೇಂದ್ರ ನಿಯಮವು ಅಂಥ ಸಾಧನವನ್ನು ದಾರಿ ನೋಡುವುದಕ್ಕಷ್ಟೇ, ಅದೂ ಚಾಲಕನ ಏಕಾಗ್ರತೆ ಕೆಡದಂತೆ, ಬಳಸಬಹುದೆಂದು ಹೇಳುತ್ತದೆ. ಕಿವಿಯಲ್ಲಿ ಹೆಡ್‌ಸೆಟ್ ಇದ್ದ ಮಾತ್ರಕ್ಕೆ ಎಲ್ಲ ಬಗೆಯ ಫೋನ್ ಬಳಕೆಗೂ ಪರವಾನಗಿ ಸಿಕ್ಕಿತೆಂದು ತಿಳಿಯಬಾರದು. ಕರೆ ಮಾಡಲು ಫೋನನ್ನು ಕೈಗೆತ್ತಿಕೊಂಡ ಕ್ಷಣದಲ್ಲೇ ಈ ಕಲಮು ಅನ್ವಯಿಸುತ್ತದೆ.

ಇನ್ನು ಕಿವಿಯ ವಿಚಾರ. ಸದ್ದು ಯಾವ ದಿಕ್ಕಿನಿಂದ ಬಂತೆಂದು ನಾವು ತಿಳಿಯುವುದು ಎರಡು ಕಿವಿಗಳ ನಡುವಿನ ಅತಿ ಸಣ್ಣ ವ್ಯತ್ಯಾಸದಿಂದ. ಬಲಗಡೆಯ ಸದ್ದು ಬಲಗಿವಿಯನ್ನು ಎಡಗಿವಿಗಿಂತ ಮೊದಲು ಮುಟ್ಟುತ್ತದೆ. ಆ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಮುಕ್ಕಾಲು ಪಾಲನ್ನೂ ಮುಟ್ಟುವುದಿಲ್ಲ. ತಲೆ ಅಡ್ಡವಾಗುವುದರಿಂದ ದೂರದ ಕಿವಿಗೆ ಸದ್ದು ಸ್ವಲ್ಪ ಕಡಿಮೆಯಾಗಿಯೂ ತಲುಪುತ್ತದೆ. ಮಿದುಳು ಈ ಎರಡನ್ನೂ ಸೇರಿಸಿ, ಆ್ಯಂಬುಲೆನ್ಸ್ ಎಡಬದಿಯಿಂದ ಬರುತ್ತಿದೆ ಎಂದು ತೀರ್ಮಾನಿಸುತ್ತದೆ. ರಬ್ಬರ್ ತುದಿಯ ಇಯರ್‌ಬಡ್ಡನ್ನು ಎರಡೂ ಕಿವಿಗೆ ತುರುಕಿಕೊಂಡಾಗ ಸದ್ದು ಕುಗ್ಗುವುದಷ್ಟೇ ಅಲ್ಲ, ದಿಕ್ಕಿನ ಅರಿವೂ ಮಸುಕಾಗುತ್ತದೆ. ಒಂದೇ ಕಿವಿಯನ್ನು ಮುಚ್ಚಿದರೂ ಆ ಅರಿವು ಸ್ವಲ್ಪ ಕೆಡುತ್ತದೆ ಎಂಬುದು ನಿಜ. ಆದ್ದರಿಂದ ಒಂದೇ ಕಿವಿಯ, ಅದರಲ್ಲೂ ಕಿವಿಯ ನಾಳವನ್ನು ಪೂರ್ತಿ ಮುಚ್ಚದೆ ಹೊರಗೆ ಕೂರುವ ಹೆಡ್‌ಸೆಟ್ಟೇ ಚಾಲಕನಿಗೆ ತಕ್ಕದ್ದು.

ಯಾವ ಕಿವಿ? ನಮ್ಮ ದೇಶದ ಗಾಡಿಗಳಲ್ಲಿ ಸ್ಟಿಯರಿಂಗ್ ಬಲಕ್ಕಿದೆ, ಚಾಲಕನ ಕಿಟಕಿಯೂ ಬಲಕ್ಕೇ ಇದೆ, ನಮ್ಮನ್ನು ದಾಟಿ ಮುಂದೆ ಹೋಗಬೇಕಾದವರು ಬರುವುದೂ ಬಲಗಡೆಯಿಂದಲೇ. ಹಾಗಾಗಿ ಬಲಗಿವಿಯನ್ನು ರಸ್ತೆಗೆ ಬಿಟ್ಟು ಹೆಡ್‌ಸೆಟ್ಟನ್ನು ಎಡಗಿವಿಗೆ ಹಾಕಿಕೊಳ್ಳುವಂತೆ ನಾನು ಹೇಳುತ್ತೇನೆ. ಇದರಿಂದ ಇನ್ನೊಂದು ಲಾಭವೂ ಇದೆ: ಮೈಕು ಕಿಟಕಿಯ ಗಾಳಿಯಿಂದ ದೂರವಾಗಿ ಮುಖದ ಮರೆಯಲ್ಲಿ ಉಳಿಯುತ್ತದೆ. ಎರಡು ಕಿವಿಗಳ ಶಕ್ತಿಯಲ್ಲಿ ವ್ಯತ್ಯಾಸ ಇರುವವರಿಗೆ ಮಾತ್ರ ಈ ಸಲಹೆ ಬದಲಾಗುತ್ತದೆ. ಚೆನ್ನಾಗಿ ಕೇಳುವ ಕಿವಿಗೆ ಹೆಡ್‌ಸೆಟ್ ಹಾಕಿ ಮಂದ ಕಿವಿಯನ್ನು ರಸ್ತೆಗೆ ಬಿಟ್ಟರೆ ಹಾರ್ನು ಕೇಳುವವರು ಯಾರು? ಒಂದು ಕಿವಿ ಪೂರ್ತಿ ಕೇಳಿಸದವರು ಚಾಲನೆಯಲ್ಲಿ ಹೆಡ್‌ಸೆಟ್ ಬಳಸಲೇಬಾರದು. ಅವರಿಗೆ ಕಾರಿನ ಸ್ಪೀಕರೇ ಗತಿ.

ಕಾರಿನ ಸ್ಪೀಕರಿನ ಮಾತು ಬಂದದ್ದರಿಂದ ಹೇಳುತ್ತೇನೆ: ಸ್ಟಿಯರಿಂಗಿನ ಮೇಲೆ ಕರೆಯ ಗುಂಡಿಯೂ ಛಾವಣಿಯ ಹತ್ತಿರ ಮೈಕೂ ಇರುವ ಕಾರಿದ್ದರೆ ಹೆಡ್‌ಸೆಟ್ ಕೊಳ್ಳುವ ಅಗತ್ಯವೇ ಇಲ್ಲ. ಎರಡೂ ಕಿವಿ ತೆರೆದಿರುತ್ತವೆ, ಚಾರ್ಜ್ ಮಾಡುವ ರಗಳೆಯಿಲ್ಲ. ಹಿಂದಿನ ಸೀಟಿನಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡ ಟ್ಯಾಕ್ಸಿಯವರಿಗೆ ಮನೆಯ ಮಾತೆಲ್ಲ ಅವರ ಕಿವಿಗೂ ಬೀಳುತ್ತದೆ ಎಂಬ ಸಂಕೋಚ ಇರುವುದು ಸಹಜ. ಹೆಡ್‌ಸೆಟ್ಟಿನ ನಿಜವಾದ ಗಿರಾಕಿಗಳು ಅವರು, ಮತ್ತು ಹಳೆಯ ಗಾಡಿ ಇಟ್ಟುಕೊಂಡವರು.

ಪೆಟ್ಟಿಗೆಯ ಮೇಲಿನ ಎರಡು ಸಂಕ್ಷೇಪಗಳು ಬಹಳ ಜನರನ್ನು ದಾರಿ ತಪ್ಪಿಸುತ್ತವೆ. ಎಎನ್‌ಸಿ ಎಂದರೆ ಹೊರಗಿನ ಸದ್ದನ್ನು ನಿಮ್ಮ ಕಿವಿಗೆ ಕಡಿಮೆ ಮಾಡುವ ವ್ಯವಸ್ಥೆ; ಇಎನ್‌ಸಿ ಎಂದರೆ ನಿಮ್ಮ ಮಾತಿನ ಜೊತೆ ಹೋಗುವ ಸದ್ದನ್ನು ಆ ಕಡೆಯವರಿಗೆ ಕಡಿಮೆ ಮಾಡುವ ವ್ಯವಸ್ಥೆ. ಹೆಚ್ಚು ಹಣ ಕೊಟ್ಟು ಮೊದಲನೆಯದನ್ನು ಕೊಂಡವರು, ತಮ್ಮ ಮಾತು ಆ ಕಡೆಗೆ ಕೇಳುವುದಿಲ್ಲವೆಂದು ದೂರುತ್ತಾರೆ. ಚಾಲಕನಿಗೆ ಬೇಕಾದದ್ದು ಎರಡನೆಯದು. ಮೊದಲನೆಯದು ಇದ್ದರೂ ಚಾಲನೆಯಲ್ಲಿ ಅದನ್ನು ಆರಿಸಿಡಬೇಕು.

ಆದರೆ ಯಾವ ಚಿಪ್ಪಿಗಿಂತಲೂ ಹೆಚ್ಚು ಕೆಲಸ ಮಾಡುವುದು ಮೈಕು ಬಾಯಿಗೆ ಎಷ್ಟು ಹತ್ತಿರ ಇದೆ ಎಂಬುದು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ, ಸುತ್ತಲಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಕಿವಿಯೊಳಗೆ ಅಡಗುವ ಪುಟ್ಟ ಬಡ್ಡಿನ ಮೈಕು ಬಾಯಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿರುತ್ತದೆ. ಕೆನ್ನೆಯ ಮೇಲೆ ಚಾಚಿಕೊಳ್ಳುವ ಸಣ್ಣ ಕಡ್ಡಿಯ ತುದಿಯಲ್ಲಿ ಮೈಕಿದ್ದರೆ ಆ ದೂರ ಸರಿಸುಮಾರು ಅರ್ಧವಾಗುತ್ತದೆ. ನೋಡಲು ಕಾಲ್ ಸೆಂಟರಿನವರಂತೆ ಕಾಣುತ್ತದೆಂದು ಹಲವರು ಈ ಕಡ್ಡಿಯನ್ನು ಬೇಡವೆನ್ನುತ್ತಾರೆ. ನನ್ನ ಅನುಭವದಲ್ಲಿ ತೆರೆದ ಕಿಟಕಿಯ ಗಾಡಿಯಲ್ಲಿ ಅದಕ್ಕೆ ಸಾಟಿಯಾದದ್ದು ಇಲ್ಲ. ಕಾರಿನೊಳಗಿನ ಎಂಜಿನ್ನು, ಟೈರುಗಳ ಸದ್ದು ಬಹುಪಾಲು ಕೆಳಸ್ವರದ್ದಾಗಿದ್ದು ಒಂದೇ ಸಮನೆ ಇರುವುದರಿಂದ ಯಂತ್ರಕ್ಕೆ ಅದನ್ನು ಕಳೆಯುವುದು ಸುಲಭ. ಗಾಳಿ ಹಾಗಲ್ಲ, ಅದು ನೇರವಾಗಿ ಮೈಕಿನ ತೂತಿಗೇ ಬಡಿದು ಗುಡುಗುತ್ತದೆ. ನಾಲ್ಕು ಮೈಕಿದೆ ಎಂಬ ಜಾಹೀರಾತಿಗಿಂತ ಕಿಟಕಿಯ ಗಾಜನ್ನು ಏರಿಸುವುದು ಹೆಚ್ಚು ಫಲ ಕೊಡುತ್ತದೆ.

ಹಾಡು ಸೊಗಸಾಗಿ ಕೇಳುತ್ತಿದ್ದ ಇಯರ್‌ಬಡ್ಡಿನಲ್ಲಿ ಕರೆ ಬಂದೊಡನೆ ಆ ಕಡೆಯವರು ಬಾವಿಯೊಳಗಿಂದ ಮಾತನಾಡಿದಂತೆ ಕೇಳುವುದನ್ನು ನೀವು ಗಮನಿಸಿರಬಹುದು. ಬ್ಲೂಟೂತ್ ಹಾಡಿಗೆ ಒಂದು ವಿಧಾನವನ್ನೂ ಕರೆಗೆ ಇನ್ನೊಂದು ವಿಧಾನವನ್ನೂ ಬಳಸುವುದೇ ಇದಕ್ಕೆ ಕಾರಣ. ಕರೆಯ ಹಳೆಯ ವಿಧಾನ ಸುಮಾರು 3,400 ಹರ್ಟ್ಸ್‌ನಿಂದ ಮೇಲಿನ ಏರುಸ್ವರದ ಧ್ವನಿಯನ್ನೆಲ್ಲ ಕತ್ತರಿಸುತ್ತದೆ. ಸಕಾರ, ಫಕಾರಗಳ ಗುರುತು ಇರುವುದು ಬಹುತೇಕ ಅದರ ಮೇಲೆಯೇ. ಗಿರಾಕಿ "ಎಫ್ ಬ್ಲಾಕಿಗೆ ಬನ್ನಿ" ಎಂದದ್ದು "ಎಸ್ ಬ್ಲಾಕ್" ಎಂದು ಕೇಳಿ, ಗಾಡಿ ಮೂರು ರಸ್ತೆ ಆಚೆ ಹೋಗಿ ನಿಲ್ಲುವುದು ಹೀಗೆ. ಅದು ಚಾಲಕನ ಕಿವಿಯ ದೋಷವಲ್ಲ. ಆ ಎರಡನ್ನು ಬೇರ್ಪಡಿಸುವ ಧ್ವನಿ ಅವನ ಕಿವಿಯವರೆಗೆ ಬಂದೇ ಇರುವುದಿಲ್ಲ. ಬ್ಲೂಟೂತ್ ಕರೆಗಳ ನಿಯಮಾವಳಿಯಾದ ಹ್ಯಾಂಡ್ಸ್‌ಫ್ರೀ ಪ್ರೊಫೈಲಿನ, 2011ರಲ್ಲಿ ಬಂದ 1.6ನೇ ಆವೃತ್ತಿಯಿಂದ 7,000 ಹರ್ಟ್ಸ್‌ವರೆಗಿನ ಧ್ವನಿ ಸಾಗಿಸುವ ಅಗಲ ಪಟ್ಟಿಯ ವಿಧಾನ ಸೇರಿಕೊಂಡಿದೆ. ಪೆಟ್ಟಿಗೆಯ ಮೇಲೆ ಅದನ್ನು ಎಚ್‌ಡಿ ವಾಯ್ಸ್ ಅಥವಾ ವೈಡ್‌ಬ್ಯಾಂಡ್ ಎಂದು ಬರೆದಿರುತ್ತಾರೆ. ಇದರ ಪೂರ್ಣ ಲಾಭ ಸಿಗಬೇಕಾದರೆ ಎರಡೂ ಕಡೆಯ ಕರೆ ವೋಲ್ಟೆಯಲ್ಲಿ, ಅಂದರೆ 4ಜಿ ಜಾಲದ ಮೂಲಕವೇ ಸಾಗುವ ಕರೆಯಲ್ಲಿ, ಇರಬೇಕು. ಬ್ಲೂಟೂತ್ 5.0ವೋ 5.3ವೋ ಎಂಬ ಸಂಖ್ಯೆಗಿಂತ ಈ ಒಂದು ಮಾತು ಕರೆಗೆ ಹೆಚ್ಚು ಮುಖ್ಯ. ಚಾಲಕನ ಕಿವಿಗೂ ಡ್ಯಾಶ್‌ಬೋರ್ಡಿನ ಫೋನಿಗೂ ಮಧ್ಯೆ ಒಂದು ಮೀಟರಿನಷ್ಟೂ ದೂರ ಇಲ್ಲದಿರುವಾಗ ನೂರಾರು ಅಡಿ ವ್ಯಾಪ್ತಿಯ ಹೆಗ್ಗಳಿಕೆಯಿಂದ ಏನೂ ಆಗಬೇಕಾದ್ದಿಲ್ಲ.

ಅಂಗಡಿಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಹಾಡು ಕೇಳಿ ನೋಡುವುದು ಪರೀಕ್ಷೆಯಲ್ಲ. ಸಾಧ್ಯವಾದರೆ ಹೊರಗೆ ನಿಲ್ಲಿಸಿದ ಗಾಡಿಯಲ್ಲಿ ಕುಳಿತು, ಎಂಜಿನ್ ಚಾಲೂ ಇಟ್ಟು, ಫ್ಯಾನನ್ನು ಜೋರು ಮಾಡಿ, ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದು ಮನೆಗೆ ಕರೆ ಮಾಡಿ. ಎದುರಿಗೆ ನಿಂತ ಗಾಡಿಗಳ ನಂಬರ್ ಪ್ಲೇಟುಗಳನ್ನು ಒಂದೊಂದಾಗಿ ಓದಿ, ಆ ಕಡೆಯವರು ಬರೆದುಕೊಳ್ಳಲಿ. "ಕೇಳುತ್ತಿದೆಯಾ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಏಕೆಂದರೆ ನಿರೀಕ್ಷಿತ ಮಾತನ್ನು ಮಿದುಳು ಊಹೆಯಿಂದ ತುಂಬಿಕೊಳ್ಳುತ್ತದೆ. ಕೆಎ 05ರ ಮುಂದಿನ ಅಕ್ಷರಗಳನ್ನೂ ಅಂಕಿಗಳನ್ನೂ ಊಹಿಸಲಾಗುವುದಿಲ್ಲ. ಬರೆದುಕೊಂಡದ್ದರಲ್ಲಿ ಬಿ ಇದ್ದಲ್ಲಿ ಡಿ, ಎಂ ಇದ್ದಲ್ಲಿ ಎನ್ ಬಂದಿದ್ದರೆ ಆ ಮೈಕು ನಿಮ್ಮ ಗಾಡಿಗೆ ತಕ್ಕದ್ದಲ್ಲ. ಅನಂತರ ನೀವು ಕೇಳುವ ಪರೀಕ್ಷೆಯನ್ನೂ ಇದೇ ರೀತಿ ಮಾಡಬೇಕು, ಅವರು ಓದಲಿ, ನೀವು ಬರೆಯಿರಿ.

ಗುಂಡಿಯ ವಿಷಯದಲ್ಲಿ ನಾನು ಹಳೆಯ ಕಾಲದವನು. ಮುಟ್ಟಿದರೆ ಸಾಕೆನ್ನುವ ನಯವಾದ ಮೇಲ್ಮೈಗಿಂತ ಒತ್ತಿದಾಗ ಟಕ್ಕೆನ್ನುವ ನಿಜವಾದ ಗುಂಡಿ ಚಾಲಕನಿಗೆ ಒಳ್ಳೆಯದು. ಬೆವರಿದ ಬೆರಳಿಗೂ ಅದು ಬಗ್ಗುತ್ತದೆ, ಕರೆ ಸ್ವೀಕಾರವಾಯಿತೇ ಎಂದು ಫೋನಿನತ್ತ ನೋಡಬೇಕಾಗಿಲ್ಲ. ಕರೆ ಮಾಡಿದವರ ಹೆಸರನ್ನು ಹೆಡ್‌ಸೆಟ್ಟೇ ಹೇಳುವ ಸೌಲಭ್ಯ ಉಪಯುಕ್ತವಾದದ್ದು. ಕನ್ನಡ ಲಿಪಿಯಲ್ಲಿ ಉಳಿಸಿಕೊಂಡ ಹೆಸರುಗಳನ್ನು ಅದು ಓದುತ್ತದೆಯೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ನೋಡಿಕೊಳ್ಳಿ. ವ್ಯವಹಾರಕ್ಕೊಂದು, ಮನೆಗೊಂದು ಎಂದು ಎರಡು ಫೋನ್ ಇಟ್ಟುಕೊಂಡವರು ಒಂದೇ ಹೆಡ್‌ಸೆಟ್ಟನ್ನು ಏಕಕಾಲಕ್ಕೆ ಎರಡು ಫೋನಿಗೂ ಜೋಡಿಸುವ ಮಲ್ಟಿಪಾಯಿಂಟ್ ಇರುವುದನ್ನು ಕೇಳಿ ಕೊಳ್ಳಲಿ. ವೈರ್‌ಲೆಸ್ ಹೆಡ್‌ಫೋನುಗಳಿಗೆ ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಅದು ಅಸಲಿಯೋ ಎಂಬುದು ತಿಳಿಯುತ್ತದೆ. ರಸ್ತೆಬದಿಯಲ್ಲಿ ಕೊಂಡ ಅಗ್ಗದ ಬ್ಲೂಟೂತಿನಲ್ಲಿ ನನಗೆ ಕಾಡುವ ಆತಂಕ ಧ್ವನಿಯದ್ದಲ್ಲ, ಬ್ಯಾಟರಿಯದ್ದು. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಲಿಥಿಯಂ ಬ್ಯಾಟರಿಯ ಯಾವ ಸಾಧನವನ್ನೂ ಬಿಟ್ಟು ಹೋಗಬಾರದು, ಅಸಲಿಯಾದರೂ ಸರಿ.

ಒಂದು ಕಿವಿಯ ಹೆಡ್‌ಸೆಟ್ಟುಗಳು ಮಾರುಕಟ್ಟೆಯಲ್ಲಿ ವಿರಳವಾಗುತ್ತಿವೆ ಎಂಬುದು ಬೇಸರದ ಸಂಗತಿ. ಜಾಬ್ರಾ ಕಂಪನಿ ತನ್ನ ಟಾಕ್ ಸರಣಿಯನ್ನು ನಿಲ್ಲಿಸುವುದಾಗಿ 2024ರಲ್ಲಿ ಪ್ರಕಟಿಸಿತು. ಪ್ಲಾಂಟ್ರಾನಿಕ್ಸ್‌ನ ವಾಯೇಜರ್ 5200, ಈಗ ಪಾಲಿ ಹೆಸರಿನಲ್ಲಿ ಬರುವುದು, ಕಡ್ಡಿ ಮೈಕಿನ ಮಾದರಿಗಳಲ್ಲಿ ಹಲವರಿಗೆ ಪರಿಚಿತ. ಅದರ ಬೆಲೆ ಎಲ್ಲರಿಗೂ ಹೊಂದುವಂಥದ್ದಲ್ಲ. ಕೈಯಲ್ಲಿ ಜೋಡಿ ಇಯರ್‌ಬಡ್ಡೇ ಇದ್ದರೆ ಎಡಗಡೆಯದನ್ನು ಮಾತ್ರ ಹಾಕಿಕೊಂಡು ಇನ್ನೊಂದನ್ನು ಕೇಸಿನಲ್ಲಿಡುವುದು ಸದ್ಯದ ಪರಿಹಾರ. ಕೆಲವು ಮಾದರಿಗಳಲ್ಲಿ ಬಲಗಡೆಯದಿಲ್ಲದೆ ಎಡಗಡೆಯದು ಕರೆಗೆ ಕೆಲಸ ಮಾಡದಿರುವುದರಿಂದ ಅದನ್ನು ಪರೀಕ್ಷಿಸಬೇಕು. ಕಿವಿಯ ಮುಂದಿನ ಮೂಳೆಯ ಮೂಲಕ ಧ್ವನಿ ಮುಟ್ಟಿಸುವ ಹೆಡ್‌ಸೆಟ್ಟುಗಳು ಎರಡೂ ಕಿವಿಯನ್ನು ತೆರೆದಿಡುತ್ತವೆ, ಆದರೆ ಲಾರಿಯ ಕ್ಯಾಬಿನ್ನಿನ ಗದ್ದಲದಲ್ಲಿ ಮಾತು ಅಡಗಿಹೋಗುತ್ತದೆ.

ಬೈಕಿನವರು ನನ್ನನ್ನು ಕೇಳಿದರೆ ಯಾವ ಹೆಡ್‌ಸೆಟ್ಟನ್ನೂ ಸೂಚಿಸುವುದಿಲ್ಲ. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಫೋನ್ ತೂರಿಸಿಕೊಂಡು ಕತ್ತು ಓರೆ ಮಾಡಿ ಹೋಗುವವರಿಗಂತೂ ಹೇಳುವುದಕ್ಕೇನೂ ಇಲ್ಲ.

ಕೊನೆಯದಾಗಿ ಕಿವಿಯ ಆರೋಗ್ಯ. ರಸ್ತೆಯ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುವುದು ಚಾಲಕರ ಸಾಮಾನ್ಯ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮಟ್ಟ ಏರಿದಷ್ಟೂ ಆ ಗಂಟೆಗಳು ವೇಗವಾಗಿ ಕರಗುತ್ತವೆ. ಕರಾವಳಿಯ ಮಳೆಗಾಲದಲ್ಲಿ ನಾಳದೊಳಗೆ ಕೂರುವ ರಬ್ಬರ್ ತುದಿ ತೇವವನ್ನು ಹಿಡಿದಿಟ್ಟು ಬೂಷ್ಟಿನ ಸೋಂಕಿಗೆ ದಾರಿ ಮಾಡುತ್ತದೆ, ಕಿವಿಯ ಗುಗ್ಗೆಯನ್ನೂ ಒಳಕ್ಕೆ ತಳ್ಳುತ್ತದೆ. ಪಾಳಿಯಲ್ಲಿ ಒಂದೇ ಗಾಡಿ ಓಡಿಸುವ ಇಬ್ಬರು ಒಂದೇ ಹೆಡ್‌ಸೆಟ್ಟನ್ನು ಹಂಚಿಕೊಳ್ಳಬಾರದು. ಅನಿವಾರ್ಯವಾದರೆ ತುದಿಯನ್ನಾದರೂ ಬೇರೆ ಇಟ್ಟುಕೊಳ್ಳಬೇಕು. ಶ್ರವಣ ಸಾಧನ ಧರಿಸುವ ಚಾಲಕರು ಅದನ್ನು ತೆಗೆದು ಹೆಡ್‌ಸೆಟ್ ಹಾಕಿಕೊಳ್ಳುವುದು ಬೇಡ. ಈಗಿನ ಹಲವು ಶ್ರವಣ ಸಾಧನಗಳು ಫೋನಿಗೆ ನೇರವಾಗಿ ಜೋಡಣೆಯಾಗುತ್ತವೆ. ಕರೆಯ ವೇಳೆ ಹೊರಗಿನ ಮೈಕು ಮುಚ್ಚಿಕೊಳ್ಳದಂತೆ ಅದನ್ನು ಹೊಂದಿಸಿಕೊಡಲು ನಿಮ್ಮ ಶ್ರವಣತಜ್ಞರಿಗೆ ಹೇಳಿ.